ಕೊರೊನಾ ಕಾಲದಲ್ಲಿ ವಿಶ್ವವಿದ್ಯಾಲಯಗಳು ಬರೀ ಬೀಗ ಹಾಕಿಕೊಂಡು ಕೂತಿದ್ದವೇ?

ಕೊರೊನಾ ಬಂದಾಗ ಯೂನಿವರ್ಸಿಟಿಗಳು ಬಾಗಿಲು ಹಾಕಿಕೊಂಡವು, ಪರೀಕ್ಷೆಯೇ ಇಲ್ಲದೆ ಎಲ್ಲರಿಗೂ ಡಿಗ್ರಿ ಹಂಚಿದವು ಎಂಬ ಅರ್ಥದ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ನಕ್ಕು ಫಾರ್ವರ್ಡ್ ಮಾಡುವುದು ಸುಲಭ. ಆದರೆ ಹಲವಾಗಲು, ಕೊಟ್ಟೂರು, ಹಡಗಲಿ ಕಡೆಯಿಂದ ಆ ವರ್ಷ ಡಿಗ್ರಿ ಮುಗಿಸಿ ಕೆಲಸ ಹುಡುಕಿದವರಿಗೆ 'ನೀವು ಕೊರೊನಾ ಬ್ಯಾಚಾ?' ಅನ್ನಿಸಿಕೊಳ್ಳುವುದು ತಮಾಷೆಯಲ್ಲ.

ಮೊದಲು ಡಿಗ್ರಿ ವಿಷಯ. 2020ರ ಜುಲೈ 6ರಂದು ಯುಜಿಸಿ, ಕೊನೆಯ ಸೆಮಿಸ್ಟರ್ ಪರೀಕ್ಷೆಯನ್ನು ಸೆಪ್ಟೆಂಬರ್ ಒಳಗೆ ನಡೆಸಲೇಬೇಕು ಎಂದಿತು. ಕೆಲವರು ಕೋರ್ಟಿಗೆ ಹೋದರು. ಆಗಸ್ಟ್ 28ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು: ರಾಜ್ಯಗಳು ಪರೀಕ್ಷೆ ಮುಂದೂಡಲು ಕೇಳಬಹುದು, ಆದರೆ ಅಂತಿಮ ಪರೀಕ್ಷೆ ಬರೆಸದೆ ಪಾಸು ಮಾಡುವಂತಿಲ್ಲ. ಕರ್ನಾಟಕದಲ್ಲಿ ಆ ವರ್ಷ ಪರೀಕ್ಷೆ ಬಿಟ್ಟದ್ದು ಮಧ್ಯದ ಸೆಮಿಸ್ಟರ್‌ಗಳಿಗೆ. ಇಂಟರ್ನಲ್ ಅಂಕ ಮತ್ತು ಹಿಂದಿನ ಸೆಮಿಸ್ಟರ್ ಅಂಕ ಸೇರಿಸಿ ಅವರನ್ನು ಮುಂದಕ್ಕೆ ಕಳಿಸಿದರು. ಹಾಗಾಗಿ 'ಪರೀಕ್ಷೆಯೇ ಇಲ್ಲದ ಡಿಗ್ರಿ' ಅನ್ನುವುದು ತಪ್ಪು.

ಇನ್ನು 'ಬಾಗಿಲು ಹಾಕಿಕೊಂಡರು' ಎಂಬ ಮಾತು. ಇದಕ್ಕೆ ಉತ್ತರ ಬೇಕಾದರೆ ಕನ್ನಡಿಗರೂ ಬಹಳಷ್ಟಿರುವ ಗಡಿ ಜಿಲ್ಲೆ ಕಾಸರಗೋಡನ್ನು ನೋಡಬೇಕು. ಭಾರತದ ಮೊದಲ ಮೂರು ಕೊರೊನಾ ರೋಗಿಗಳು ಚೀನಾದ ವುಹಾನ್‌ನಿಂದ ಮರಳಿದ ವಿದ್ಯಾರ್ಥಿಗಳು; ಮೂರನೆಯವರು ಕಾಸರಗೋಡು ಜಿಲ್ಲೆಯವರು. ಮಾರ್ಚ್ ಕೊನೆಗೆ ಇಡೀ ಕೇರಳದಲ್ಲೇ ಹೆಚ್ಚು ಸೋಂಕು ಈ ಜಿಲ್ಲೆಯಲ್ಲಿತ್ತು. ಅದೇ ಹೊತ್ತಿಗೆ ಕರ್ನಾಟಕ ಗಡಿ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿತು. ಆಸ್ಪತ್ರೆಗೆಂದರೆ ಮಂಗಳೂರನ್ನೇ ನಂಬಿದ್ದ ಜನ ಅವರು. ಆಂಬುಲೆನ್ಸ್ ದಾಟಲಾಗದೆ, ಚಿಕಿತ್ಸೆ ಸಿಗದೆ ಕೆಲವರು ತೀರಿಕೊಂಡರು. ವಿಷಯ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ಗಂಟಲು ದ್ರವದ ಪರೀಕ್ಷೆಗೂ ಜಿಲ್ಲೆಯ ಹೊರಗಿನ ಲ್ಯಾಬ್‌ಗೇ ಕಳಿಸಬೇಕಿತ್ತು.

ಆಗ ಕೈಗೆ ಬಂದದ್ದು ಪೆರಿಯದಲ್ಲಿರುವ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯ. ಅಲ್ಲಿ ಮೆಡಿಕಲ್ ಕಾಲೇಜಿರಲಿಲ್ಲ. ಇದ್ದದ್ದು ಜೀವರಸಾಯನ ವಿಜ್ಞಾನ ವಿಭಾಗ, ಅದರ ಸಂಶೋಧನಾ ಲ್ಯಾಬ್. ಐಸಿಎಂಆರ್ ಅನುಮತಿ ಸಿಕ್ಕ ಮೇಲೆ ಮೇಷ್ಟ್ರುಗಳು, ಸಂಶೋಧನಾ ವಿದ್ಯಾರ್ಥಿಗಳು ಸೇರಿ ಅಲ್ಲೇ ಕೊರೊನಾ ಪರೀಕ್ಷೆ ಶುರುಮಾಡಿದರು.

ಆಸ್ಪತ್ರೆಯೇ ಅಲ್ಲದ ಕಡೆ ಇದು ಹೇಗೆ ಸಾಧ್ಯ? ಆರ್‌ಟಿಪಿಸಿಆರ್ ಏನು ಮಾಡುತ್ತದೆ ಎಂದು ತಿಳಿದರೆ ಉತ್ತರ ಅದರಲ್ಲೇ ಇದೆ. ಕೊರೊನಾ ವೈರಸ್‌ನ ವಂಶವಾಹಿ ಇರುವುದು ಆರ್‌ಎನ್‌ಎ ರೂಪದಲ್ಲಿ. ಮೊದಲು ಅದನ್ನು ಡಿಎನ್‌ಎ ಆಗಿ ನಕಲು ಮಾಡುತ್ತಾರೆ. ಆಮೇಲೆ ಯಂತ್ರ ಅದನ್ನು ಬಿಸಿ ಮಾಡಿ ತಣಿಸುತ್ತಾ ಹೋಗುತ್ತದೆ. ಪ್ರತಿ ಸುತ್ತಿನಲ್ಲೂ ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. 30 ಸುತ್ತು ಮುಗಿಯುವಷ್ಟರಲ್ಲಿ ಒಂದೇ ಒಂದು ತುಣುಕು 100 ಕೋಟಿ ದಾಟುತ್ತದೆ. ಆಗ ಯಂತ್ರದ ಕಣ್ಣಿಗೆ ಬೀಳುತ್ತದೆ. ರಿಪೋರ್ಟಿನಲ್ಲಿ ಬರುವ 'ಸಿಟಿ ವ್ಯಾಲ್ಯೂ' ಎಂದರೆ ಕಣ್ಣಿಗೆ ಬೀಳಲು ಎಷ್ಟು ಸುತ್ತು ಬೇಕಾಯಿತು ಎಂಬ ಲೆಕ್ಕ, ಅಷ್ಟೇ. ಗಿಡದ ರೋಗವನ್ನೋ ಬ್ಯಾಕ್ಟೀರಿಯಾವನ್ನೋ ಅಧ್ಯಯನ ಮಾಡುವ ಲ್ಯಾಬ್‌ಗಳಲ್ಲೂ ಇದೇ ಯಂತ್ರ ಇರುತ್ತದೆ. ಸೋಂಕು ಹೊರಗೆ ಹರಡದಂತೆ ಸುರಕ್ಷತೆಯ ಏರ್ಪಾಡು, ಕೈ ಪಳಗಿದ ಜನ, ಅನುಮತಿ ಇವಿಷ್ಟು ಸೇರಿದರೆ ಕೆಲಸ ಆಗುತ್ತದೆ. ಪಿಎಚ್‌ಡಿ ಮಾಡಿ ಏನುಪಯೋಗ ಎಂದು ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಕಾಣುವುದಿಲ್ಲ.

ನಮ್ಮ ಕಡೆ ಈ ಕೆಲಸ ಬಿದ್ದದ್ದು ಬಳ್ಳಾರಿ ವಿಮ್ಸ್ ಮೇಲೆ, ಅಂದರೆ ಈಗಿನ ಬಿಎಂಸಿಆರ್‌ಸಿ ಮೇಲೆ. ಅದು ಮೆಡಿಕಲ್ ಕಾಲೇಜು. ಬೆಂಗಳೂರಿನಲ್ಲಿ ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿ ಕೋವಿಡ್ ಕೇರ್ ಕೇಂದ್ರ ತೆರೆದರು. ದೂರದ ಒಂದು ವಿಶ್ವವಿದ್ಯಾಲಯವಂತೂ ನಮ್ಮ ಹಳ್ಳಿ ಹಳ್ಳಿಗೂ ಬಂದಿದೆ: ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನೀವು ಹಾಕಿಸಿಕೊಂಡ ಕೋವಿಶೀಲ್ಡ್ ತಯಾರಾದದ್ದು ಪುಣೆಯ ಸೀರಂ ಇನ್‌ಸ್ಟಿಟ್ಯೂಟ್‌ನಲ್ಲಿ, ಅದನ್ನು ರೂಪಿಸಿದ್ದು ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಮತ್ತು ಆಸ್ಟ್ರಾಜೆನೆಕಾ ಕಂಪನಿ. 'ಇಷ್ಟು ಬೇಗ ಲಸಿಕೆ ಹೇಗೆ ಬಂತು?' ಎಂದು ಅನುಮಾನ ಪಟ್ಟವರಿದ್ದಾರೆ. ಆ ತಂಡ ಅದೇ ವಿಧಾನದಲ್ಲಿ ಮರ್ಸ್ ಎಂಬ ಇನ್ನೊಂದು ಕೊರೊನಾ ವೈರಸ್‌ಗೆ ಲಸಿಕೆ ಮಾಡಲು ಮೊದಲೇ ಕೆಲಸ ಮಾಡುತ್ತಿತ್ತು.

ಹಾಗೆಂದು ಎಲ್ಲವೂ ಚೆನ್ನಾಗಿ ನಡೆಯಿತು ಎಂದಲ್ಲ. ಆನ್‌ಲೈನ್ ಕ್ಲಾಸ್ ವಿಷಯದಲ್ಲಿ ಹಳ್ಳಿಯ ವಿದ್ಯಾರ್ಥಿಗಳು ನಿಜವಾಗಿಯೂ ಹಿಂದೆ ಬಿದ್ದರು. ಮನೆಗೊಂದು ಫೋನು, ಅದೂ ಹೊಲಕ್ಕೆ ಹೋದ ಅಪ್ಪನ ಜೇಬಿನಲ್ಲಿ. ನೆಟ್‌ವರ್ಕ್ ಬೇಕೆಂದರೆ ಮಾಳಿಗೆ ಹತ್ತಬೇಕು. ಸರ್ಕಾರಿ ಕಾಲೇಜು ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ ಹಂಚಲು ರಾಜ್ಯ ಸರ್ಕಾರ ಶುರುಮಾಡಿದ್ದು 2021ರ ಜೂನ್‌ನಲ್ಲಿ. ಮೊದಲ ಲಾಕ್‌ಡೌನ್ ಆಗಿ ಅಷ್ಟೊತ್ತಿಗೆ ಹದಿನೈದು ತಿಂಗಳಾಗಿತ್ತು. ಈ ದೂರು ಹೇಳುವ ಫಾರ್ವರ್ಡ್ ಬಂದರೆ ಅದರಲ್ಲಿ ಹುರುಳಿದೆ.

ಒಂದು ಸಣ್ಣ ಎಚ್ಚರಿಕೆ. ಯುಜಿಸಿ ಹೆಸರಿನ ನಕಲಿ ಸುತ್ತೋಲೆಗಳು ಆಗಲೂ ಓಡಾಡಿದವು, ಈಗಲೂ ಬರುತ್ತಿರುತ್ತವೆ. ಪರೀಕ್ಷೆ ರದ್ದು, ಫಲಿತಾಂಶ ರದ್ದು ಎಂಬ ಫೋಟೋ ಬಂದರೆ ನಿಮ್ಮ ವಿಶ್ವವಿದ್ಯಾಲಯದ ಅಧಿಕೃತ ವೆಬ್‌ಸೈಟಿನಲ್ಲಿ ಅದೇ ದಿನಾಂಕದ ಸುತ್ತೋಲೆ ಇದೆಯೇ ನೋಡಿ. ಇಲ್ಲದಿದ್ದರೆ ಕಾಲೇಜಿನ ಆಫೀಸಿಗೆ ಒಂದು ಫೋನ್ ಮಾಡಿ.