ಕಡ್ಡಾಯ ಹಾಜರಾತಿ: ನಡೆಯದ ತರಗತಿಯ ಲೆಕ್ಕ ಯಾರದು?

ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಪದವಿ ಕಾಲೇಜುಗಳ ಸೂಚನಾ ಫಲಕದಲ್ಲಿ ಒಂದು ಪಟ್ಟಿ ಕಾಣಿಸಿಕೊಳ್ಳುತ್ತದೆ. ವಿದ್ಯಾರ್ಥಿಗಳು ಅದನ್ನು ‘ಶಾರ್ಟೇಜ್ ಲಿಸ್ಟ್’ ಎನ್ನುತ್ತಾರೆ. ಅದರಲ್ಲಿ ಹೆಸರಿದ್ದವರಿಗೆ ಪರೀಕ್ಷೆಯ ಪ್ರವೇಶ ಪತ್ರ ಸುಲಭವಾಗಿ ಸಿಗುವುದಿಲ್ಲ. ವೈದ್ಯರ ಪ್ರಮಾಣಪತ್ರ ಹಿಡಿದು ಓಡಾಡುವುದು, ಅಪ್ಪನನ್ನು ಊರಿನಿಂದ ಕರೆತಂದು ಪ್ರಾಂಶುಪಾಲರ ಕೊಠಡಿಯ ಮುಂದೆ ನಿಲ್ಲಿಸುವುದು ಪ್ರತಿ ವರ್ಷದ ನೋಟ. ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿಯ ಕಾಲೇಜುಗಳೂ ಇದಕ್ಕೆ ಹೊರತಲ್ಲ. 2007ರಲ್ಲಿ ಈ ನಾಲ್ಕು ತಾಲ್ಲೂಕುಗಳು ಸೇರಿ ರಾಮನಗರ ಜಿಲ್ಲೆಯಾದವು. 2025ರ ಮೇನಲ್ಲಿ ಅದಕ್ಕೆ ‘ಬೆಂಗಳೂರು ದಕ್ಷಿಣ’ ಎಂಬ ಹೆಸರಿಡಲು ರಾಜ್ಯ ಸಚಿವ ಸಂಪುಟ ತೀರ್ಮಾನಿಸಿತು. ಹೆಸರು ರಾಜಧಾನಿಗೆ ಹತ್ತಿರವಾಯಿತಾದರೂ ಇಲ್ಲಿನ ವಿದ್ಯಾರ್ಥಿ ಮನೆಯಿಂದ ಕಾಲೇಜಿಗೆ ಕ್ರಮಿಸುವ ಹಾದಿ ಹತ್ತಿರವಾಗಿಲ್ಲ.

ಹಾಜರಾತಿ ಕಡ್ಡಾಯವಾಗಿರಬೇಕೇ ಎಂಬ ಹಳೆಯ ಚರ್ಚೆಗೆ 2025ರ ನವೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ನೀಡಿದ ತೀರ್ಪು ಹೊಸ ಕಾವು ತಂದಿದೆ. ಹಾಜರಾತಿ ಕೊರತೆಯ ಕಾರಣಕ್ಕೆ ಪರೀಕ್ಷೆಯಿಂದ ವಂಚಿತನಾಗಿದ್ದ ಕಾನೂನು ವಿದ್ಯಾರ್ಥಿಯೊಬ್ಬ 2016ರಲ್ಲಿ ದೆಹಲಿಯಲ್ಲಿ ಪ್ರಾಣ ಕಳೆದುಕೊಂಡ ಪ್ರಕರಣದ ವಿಚಾರಣೆ ಅದು. ಹಾಜರಾತಿ ಕಡಿಮೆಯಾಯಿತೆಂಬ ಒಂದೇ ಕಾರಣಕ್ಕೆ ಕಾನೂನು ವಿದ್ಯಾರ್ಥಿಯನ್ನು ಪರೀಕ್ಷೆಯಿಂದ ತಡೆಯಬಾರದು ಎಂದು ನ್ಯಾಯಪೀಠ ಹೇಳಿತು. ಕೊರತೆ ಇದ್ದರೆ ಅಂಕಗಳಲ್ಲಿ ಗರಿಷ್ಠ ಶೇ 5ರಷ್ಟು ಕಡಿತ ಮಾಡಬಹುದು. ಅದಕ್ಕೆ ಮೊದಲು ವಾರವಾರವೂ ವಿದ್ಯಾರ್ಥಿಗೆ ಹಾಜರಾತಿಯ ಮಾಹಿತಿ ಕೊಡಬೇಕು, ತಿಂಗಳಿಗೊಮ್ಮೆ ಪೋಷಕರಿಗೆ ತಿಳಿಸಬೇಕು, ಹಿಂದುಳಿದವರಿಗೆ ಹೆಚ್ಚುವರಿ ತರಗತಿ ನಡೆಸಬೇಕು. ಇಂತಹ ಪ್ರಕರಣಗಳಲ್ಲಿ ಬಹುಮಟ್ಟಿಗೆ ಕಾಲೇಜುಗಳ ನಿರ್ಧಾರದಲ್ಲಿ ಕೈಹಾಕದ ನ್ಯಾಯಾಂಗದ ರೂಢಿಯನ್ನು ಗಮನಿಸಿದರೆ ಇದು ದೊಡ್ಡ ಹೆಜ್ಜೆ. ಆದರೆ ಆದೇಶ ಕಾನೂನು ಶಿಕ್ಷಣಕ್ಕೆ ಸಂಬಂಧಿಸಿದ್ದು. ಬಿ.ಎ., ಬಿ.ಕಾಂ. ಓದುವವರಿಗೆ ಅದರ ನೇರ ರಕ್ಷಣೆ ಇಲ್ಲ.

ಹಾಜರಾತಿಯ ಪ್ರಮಾಣವೂ ಎಲ್ಲೆಡೆ ಒಂದೇ ಅಲ್ಲ. ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮಗಳು ಕಾನೂನು ವಿದ್ಯಾರ್ಥಿಗಳಿಗೆ ಶೇ 70 ಎಂದವು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಶೇ 85 ನಿಗದಿಪಡಿಸಿ, ವಿಶೇಷ ಸಂದರ್ಭಗಳಲ್ಲಿ ಶೇ 10ರಷ್ಟು ಮನ್ನಾ ಮಾಡಲು ಅವಕಾಶ ಇಟ್ಟಿತು. ಸಾಮಾನ್ಯ ಪದವಿಗೆ ಶೇ 75 ಎಂಬುದು ವಾಡಿಕೆ. ವಿಶ್ವವಿದ್ಯಾಲಯ ಅನುದಾನ ಆಯೋಗದ 2003ರ ನಿಯಮಾವಳಿ, ಈ ಪ್ರಮಾಣ ಸಾಮಾನ್ಯವಾಗಿ ಶೇ 75ಕ್ಕಿಂತ ಕಡಿಮೆ ಇರಬಾರದೆಂದಿತ್ತು. ಆಯೋಗದ 2025ರ ನಿಯಮಾವಳಿ ಆ ಅಂಕಿಯನ್ನು ಪಟ್ಟುಹಿಡಿಯದೆ, ಕನಿಷ್ಠ ಹಾಜರಾತಿ ಎಷ್ಟಿರಬೇಕೆಂಬ ತೀರ್ಮಾನವನ್ನು ಆಯಾ ಶಿಕ್ಷಣ ಸಂಸ್ಥೆಗಳಿಗೇ ಬಿಟ್ಟಿದೆ. ಹಾಗಾಗಿ ‘ಮೇಲಿನವರ ನಿಯಮ, ನಾವೇನು ಮಾಡುವುದು’ ಎಂದು ವಿಶ್ವವಿದ್ಯಾಲಯಗಳು ಕೈತೊಳೆದುಕೊಳ್ಳುವುದು ಇನ್ನು ಕಷ್ಟ.

ಕಡ್ಡಾಯ ಬೇಡವೆನ್ನುವವರ ವಾದ ಮಹಾನಗರಗಳಲ್ಲಿ ಒಂದು ಬಗೆಯದು. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ 2017ರ ಕೊನೆಯಲ್ಲಿ ಹಾಜರಾತಿ ಕಡ್ಡಾಯ ಮಾಡಿದಾಗ ಅಲ್ಲಿ ಪ್ರತಿಭಟನೆ ನಡೆದದ್ದು ಬೌದ್ಧಿಕ ಸ್ವಾತಂತ್ರ್ಯದ ಹೆಸರಿನಲ್ಲಿ. ಗ್ರಂಥಾಲಯದಲ್ಲಿ ಕುಳಿತು ಓದುವವನನ್ನು ತರಗತಿಗೆ ಎಳೆತರುವುದೇಕೆ ಎಂಬುದು ಪ್ರಶ್ನೆ. ಸಾತನೂರಿನಿಂದಲೋ ಕುದೂರಿನಿಂದಲೋ ಬೆಳಿಗ್ಗೆ ಹೊರಟು ತಾಲ್ಲೂಕು ಕೇಂದ್ರಕ್ಕೆ ಬರುವ ವಿದ್ಯಾರ್ಥಿಯ ವಿಷಯದಲ್ಲಿ ಈ ವಾದ ನಿಲ್ಲುವುದಿಲ್ಲ. ಆತನ ಪಾಲಿಗೆ ಗ್ರಂಥಾಲಯ, ಪ್ರಯೋಗಾಲಯ, ಮಾತಿಗೆ ಸಿಗುವ ಅಧ್ಯಾಪಕ ಎಲ್ಲವೂ ಇರುವುದು ಆ ಒಂದು ಕಟ್ಟಡದಲ್ಲಿಯೇ. ಮನೆಯಲ್ಲಿ ಪದವಿಯ ಮೆಟ್ಟಿಲು ಹತ್ತಿದ ಮೊದಲಿಗ ಆತನೇ ಆಗಿದ್ದರಂತೂ ತರಗತಿ ತಪ್ಪಿದರೆ ಪಾಠ ತಪ್ಪಿದಂತೆಯೇ.

ಕಡ್ಡಾಯದ ಪರವಾಗಿ ಇನ್ನೊಂದು ಮಾತಿದೆ, ಅದನ್ನು ಹಗುರವಾಗಿ ಕಾಣಲಾಗದು. ಹಳ್ಳಿಯ ಅನೇಕ ಹೆಣ್ಣುಮಕ್ಕಳಿಗೆ ಶೇ 75ರ ನಿಯಮವೇ ಕಾವಲು. ಹೊಲದ ಕೆಲಸ ಬಂದಾಗ, ಮನೆಯಲ್ಲಿ ಯಾರಿಗೋ ಕಾಯಿಲೆಯಾದಾಗ, ನೆಂಟರ ಮದುವೆ ಬಂದಾಗ ಮೊದಲು ಮನೆಯಲ್ಲಿ ಉಳಿಯಬೇಕಾಗುವುದು ಮಗಳು. ‘ಹೋಗದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ’ ಎಂಬ ಒಂದು ಮಾತು ಅವಳನ್ನು ಬಸ್ ನಿಲ್ದಾಣದವರೆಗೆ ತಲುಪಿಸುತ್ತದೆ. ನಿಯಮವನ್ನು ಪೂರಾ ತೆಗೆದುಹಾಕಿದರೆ ಹೆಸರು ಕಾಲೇಜಿನಲ್ಲಿ, ಆಳು ಮನೆಯಲ್ಲಿ ಎಂಬ ಸ್ಥಿತಿ ಬರುವುದಕ್ಕೆ ಹೆಚ್ಚು ಕಾಲ ಬೇಕಿಲ್ಲ. ಕೊರೊನಾ ನಂತರ 2021ರ ಜನವರಿಯಲ್ಲಿ ದ್ವಿತೀಯ ಪಿಯು ತರಗತಿಗಳು ಪುನರಾರಂಭವಾದಾಗ ಹಾಜರಾತಿಯನ್ನು ಕಡ್ಡಾಯಗೊಳಿಸಿರಲಿಲ್ಲ. ಆ ಸಂಕಟದ ದಿನಗಳಿಗೆ ಅದು ಸರಿಯೇ. ಅದನ್ನೇ ಶಾಶ್ವತ ವ್ಯವಸ್ಥೆ ಮಾಡಿ ಎನ್ನುವವರು ಈ ಹೆಣ್ಣುಮಕ್ಕಳ ಬಗ್ಗೆ ಏನು ಹೇಳುತ್ತಾರೆಂಬುದು ಸ್ಪಷ್ಟವಿಲ್ಲ.

ಹಾಗಾದರೆ ತರಗತಿ ತಪ್ಪುವುದೇಕೆ? ಸೋಮಾರಿತನ ಒಂದು ಕಾರಣ ನಿಜ. ಸಿನಿಮಾ ಮಂದಿರ, ಹೋಟೆಲುಗಳಲ್ಲಿ ಕಾಲ ಕಳೆಯುವವರು ಎಲ್ಲ ಕಾಲದಲ್ಲೂ ಇದ್ದರು. ಆದರೆ ಈ ನಾಲ್ಕು ತಾಲ್ಲೂಕುಗಳ ಬದುಕಿನ ಲಯ ಬಲ್ಲವರಿಗೆ ಇನ್ನೂ ಕೆಲವು ಕಾರಣಗಳು ಕಾಣುತ್ತವೆ.

ಮೊದಲನೆಯದು ರೇಷ್ಮೆ. ರಾಮನಗರದ ಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದೆಂಬ ಹೆಗ್ಗಳಿಕೆ ಪಡೆದಿದೆ. ಆ ಗೂಡಿನ ಹಿಂದೆ ಸಾವಿರಾರು ಮನೆಗಳ ದುಡಿಮೆ ಇದೆ. ನಾಲ್ಕನೇ ಜ್ವರದಿಂದ ಎದ್ದ ಹುಳು ಗೂಡು ಕಟ್ಟುವವರೆಗಿನ ಏಳೆಂಟು ದಿನಗಳಲ್ಲಿ, ತನ್ನ ಇಡೀ ಬೆಳವಣಿಗೆಗೆ ಬೇಕಾದ ಸೊಪ್ಪಿನ ಮುಕ್ಕಾಲು ಪಾಲಿಗೂ ಹೆಚ್ಚನ್ನು ತಿನ್ನುತ್ತದೆ. ಬೆಳಗಿನ ಜಾವ ಸೊಪ್ಪು ಕೊಯ್ಯಬೇಕು, ರಾತ್ರಿಯೂ ಹಾಕಬೇಕು. ಹುಳು ಹಣ್ಣಾದ ದಿನವಂತೂ ಮನೆಮಂದಿಯೆಲ್ಲ ಕುಳಿತು ಆರಿಸಿ ಚಂದ್ರಿಕೆಗೆ ಬಿಡಬೇಕು. ತಡವಾದರೆ ಗೂಡಿನ ಗುಣಮಟ್ಟ ಕೆಟ್ಟು ಬೆಲೆ ಬೀಳುತ್ತದೆ. ಕೂಲಿಯಾಳು ಹಿಡಿಯುವ ಶಕ್ತಿಯಿಲ್ಲದ ಮನೆಯಲ್ಲಿ ಕಾಲೇಜಿನ ಮಗನೇ, ಮಗಳೇ ಕೂಲಿಯಾಳು. ವರ್ಷಕ್ಕೆ ಐದಾರು ಬೆಳೆ ತೆಗೆಯುವ ಕುಟುಂಬವೊಂದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಒಂದು ಸೆಮಿಸ್ಟರಿನ ಅವಧಿಯಲ್ಲಿ ಎರಡು ಮೂರು ಬೆಳೆ ಬರುತ್ತದೆ. ಬೆಳೆಗೆ ಏಳು ದಿನದಂತೆ ಮೂರು ಬೆಳೆಗೆ 21 ದಿನ. ಸೆಮಿಸ್ಟರಿಗೆ 90 ದಿನ ತರಗತಿ ಎಂದಿಟ್ಟುಕೊಂಡರೆ ನಿಯಮ ಬಿಟ್ಟುಕೊಡುವ ಶೇ 25 ಎಂದರೆ 22 ದಿನ. ಹುಳುವೇ ಅಷ್ಟನ್ನೂ ತಿಂದುಬಿಟ್ಟಿತು. ಇನ್ನು ಎರಡು ದಿನ ಜ್ವರ ಬಂದರೆ — ಈ ಬಾರಿ ಹುಳುವಿಗಲ್ಲ, ವಿದ್ಯಾರ್ಥಿಗೆ — ಹೆಸರು ಫಲಕದ ಮೇಲೆ.

ಎರಡನೆಯದು ದಾರಿ. ಬೆಂಗಳೂರು–ಮೈಸೂರು ರೈಲು ಮಾರ್ಗದಲ್ಲಿರುವ ರಾಮನಗರ, ಚನ್ನಪಟ್ಟಣಗಳಿಗೆ ಪಾಸಿನ ರೈಲು ಉಂಟು. ಕನಕಪುರ, ಮಾಗಡಿಗಳಿಗೆ ರೈಲೇ ಇಲ್ಲ, ಬಸ್ಸೇ ಗತಿ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ದಶಪಥ ಹೆದ್ದಾರಿ ರಾಮನಗರ, ಚನ್ನಪಟ್ಟಣಗಳ ಹೊರಗಿನಿಂದ ಹಾದುಹೋಗುತ್ತದೆ. ಮೈಸೂರಿಗೆ ನೇರ ಹೋಗುವವರಿಗೆ ಸಮಯ ಉಳಿಯಿತು, ಆದರೆ ಹೆದ್ದಾರಿ ಹಿಡಿದ ಬಸ್ ಊರೊಳಗಿನ ನಿಲ್ದಾಣಕ್ಕೆ ಬರುವುದಿಲ್ಲ. ಅದೇ ವರ್ಷದ ಜೂನ್ 11ರಂದು ಆರಂಭವಾದ ‘ಶಕ್ತಿ’ ಯೋಜನೆ ಕಾಲೇಜು ಹೆಣ್ಣುಮಕ್ಕಳ ಪಾಲಿಗೆ ನಿಜಕ್ಕೂ ವರವಾಯಿತು. ಮನೆಯಲ್ಲಿ ಬಸ್ ಛಾರ್ಜು ಕೇಳುವ ಮುಜುಗರ ತಪ್ಪಿತು. ಜೊತೆಗೇ ಬೆಳಿಗ್ಗೆ ಎಂಟರಿಂದ ಹತ್ತರವರೆಗಿನ ಬಸ್ಸುಗಳಲ್ಲಿ ಕಾಲಿಡಲು ಜಾಗವಿಲ್ಲದಂತಾಯಿತು. ತುಂಬಿದ ಬಸ್ ನಡುಹಾದಿಯ ಹಳ್ಳಿಯಲ್ಲಿ ನಿಲ್ಲುವುದಿಲ್ಲ. ಮುಂದಿನ ಬಸ್ ಬರುವಷ್ಟರಲ್ಲಿ ಮೊದಲ ಅವಧಿಯ ಹಾಜರಿ ಮುಗಿದಿರುತ್ತದೆ. ಕನಕಪುರ, ಚನ್ನಪಟ್ಟಣ ತಾಲ್ಲೂಕುಗಳ ಕಾಡಂಚಿನ ಹಳ್ಳಿಗಳಲ್ಲಿ ಇದರ ಮೇಲೆ ಆನೆಯ ಭಯ. ಬೆಳಗಿನ ಮಬ್ಬಿನಲ್ಲಿ ಮುಖ್ಯರಸ್ತೆಯವರೆಗೆ ನಡೆದುಬರಲು ಮಕ್ಕಳನ್ನು ಒಂಟಿಯಾಗಿ ಕಳುಹಿಸಲು ಯಾವ ತಂದೆತಾಯಿಗೆ ಧೈರ್ಯ ಬಂದೀತು?

ಬಿಡದಿ, ಹಾರೋಹಳ್ಳಿಗಳ ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಮುಗಿಸಿ ನಿದ್ದೆಗೆಟ್ಟು ಬರುವ ಹುಡುಗರ ಕಥೆ ಬೇರೆ. ಅವರಲ್ಲಿ ಅನೇಕರು ಸಂಬಳಕ್ಕಾಗಿ ದುಡಿದು, ಪದವಿಗಾಗಿ ಕಾಲೇಜಿಗೆ ಹೆಸರು ಹಚ್ಚಿದವರು. ಅವರಿಗೆ ದೂರಶಿಕ್ಷಣವೋ ಸಂಜೆ ಕಾಲೇಜೋ ತಕ್ಕ ದಾರಿ ಎಂಬ ಅಧ್ಯಾಪಕರ ವಾದದಲ್ಲಿ ಹುರುಳಿದೆ.

ಇಷ್ಟೂ ವಿದ್ಯಾರ್ಥಿಯ ಗೈರುಹಾಜರಿಯ ಮಾತಾಯಿತು. ಪಾಠ ಮಾಡುವವರೇ ಇಲ್ಲದ ದಿನಗಳ ಮಾತು ಯಾವ ಫಲಕದ ಮೇಲೂ ಬರುವುದಿಲ್ಲ. ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ನಡೆಯುತ್ತಿರುವುದೇ ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರ ಹೆಗಲ ಮೇಲೆ. ವರ್ಷ ವರ್ಷ ಅವರ ಆಯ್ಕೆ ಹೊಸದಾಗಿ ನಡೆಯಬೇಕು. ಅದು ತಡವಾದಷ್ಟೂ ತರಗತಿ ಖಾಲಿ. ಸೇವಾ ಭದ್ರತೆ ಕೇಳಿ ಅವರು 2021–22ರಲ್ಲಿ, ಮತ್ತೆ 2023ರ ಕೊನೆಯಲ್ಲಿ ಮುಷ್ಕರ ಹೂಡಿದಾಗ ರಾಜ್ಯದಾದ್ಯಂತ ವಾರಗಟ್ಟಲೆ ಪಾಠ ನಿಂತಿತ್ತು. ಬೇಡಿಕೆ ನ್ಯಾಯವೇ ಆಗಿರಬಹುದು, ಆದರೆ ಪಾಠ ತಪ್ಪಿದ್ದು ವಿದ್ಯಾರ್ಥಿಗೆ.

ಇಲ್ಲಿ ಶೇ 75 ಎಂಬ ಅಂಕಿಯ ಒಳಗುಟ್ಟು ಬಿಚ್ಚಿಕೊಳ್ಳುತ್ತದೆ. ಶೇಕಡಾವಾರು ಲೆಕ್ಕ ಹಾಕುವುದು ನಡೆದ ತರಗತಿಗಳ ಮೇಲೆ, ನಡೆಯಬೇಕಿದ್ದ ತರಗತಿಗಳ ಮೇಲಲ್ಲ. ಒಂದು ವಿಷಯಕ್ಕೆ 60 ಗಂಟೆ ಪಾಠ ನಿಗದಿಯಾಗಿದೆ, ಉಪನ್ಯಾಸಕರು ತಡವಾಗಿ ಬಂದುದರಿಂದ 24 ಗಂಟೆ ಮಾತ್ರ ನಡೆಯಿತು ಎನ್ನಿ. ಅದರಲ್ಲಿ 18ಕ್ಕೆ ಬಂದವನು ನಿಯಮದ ಪ್ರಕಾರ ಅರ್ಹ. ಇನ್ನೊಂದು ಕಾಲೇಜಿನಲ್ಲಿ 60ಕ್ಕೆ 60 ಗಂಟೆಯೂ ಪಾಠ ನಡೆದು, 44 ಗಂಟೆ ಕುಳಿತು ಕೇಳಿದವಳು ಅನರ್ಹಳು. 44 ಗಂಟೆ ಪಾಠ ಕೇಳಿದವಳಿಗೆ ಬಾಗಿಲು ಮುಚ್ಚಿ, 18 ಗಂಟೆ ಕೇಳಿದವನಿಗೆ ತೆರೆಯುವ ನಿಯಮ ಕಲಿಕೆಯ ಗುಣಮಟ್ಟ ಕಾಯುತ್ತದೆಂದು ಹೇಳಲಾಗದು.

ಹಣವಿದ್ದವರಿಗೆ ಈ ನಿಯಮ ತಟ್ಟುವುದೂ ಕಡಿಮೆ. ವೈದ್ಯಕೀಯ, ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆಗಳ ಕೋಚಿಂಗ್ ಕೇಂದ್ರದಲ್ಲಿ ಇಡೀ ದಿನ ಕಳೆದು, ಹೆಸರಿಗೆ ಮಾತ್ರ ಇನ್ನೊಂದು ಸಂಸ್ಥೆಯಲ್ಲಿ ದಾಖಲಾಗುವ ‘ಡಮ್ಮಿ’ ಪ್ರವೇಶದ ಪಿಡುಗು ದೇಶದಾದ್ಯಂತ ಹಬ್ಬಿದೆ. ಇಂತಹ ಅಕ್ರಮಗಳಿಗಾಗಿ ಸಿಬಿಎಸ್‌ಇ 2024ರ ಮಾರ್ಚ್‌ನಲ್ಲಿ 20 ಶಾಲೆಗಳ ಮಾನ್ಯತೆ ರದ್ದುಪಡಿಸಿತು. ಒಬ್ಬರು ಶುಲ್ಕ ತೆತ್ತು ಬರದೆಯೇ ಹಾಜರಾಗುತ್ತಾರೆ. ಇನ್ನೊಬ್ಬರು ಬಸ್ ತಪ್ಪಿ, ಬಂದರೂ ಗೈರಾಗುತ್ತಾರೆ. ಪದವಿ ಕಾಲೇಜುಗಳಲ್ಲಿ ಗೆಳೆಯನ ಪರವಾಗಿ ‘ಎಸ್ ಸರ್’ ಎನ್ನುವ ಪ್ರಾಕ್ಸಿಯನ್ನು ತಡೆಯಲು ಬೆರಳಚ್ಚು, ಮುಖಚಹರೆ ಯಂತ್ರಗಳ ಮಾತು ಕೇಳಿಬರುತ್ತಿದೆ. ಯಂತ್ರ ಪ್ರಾಕ್ಸಿಯನ್ನು ಹಿಡಿದೀತು. ಬಸ್ ಬರಲಿಲ್ಲವೆಂಬುದನ್ನಾಗಲಿ ಉಪನ್ಯಾಸಕರ ನೇಮಕವಾಗಿಲ್ಲವೆಂಬುದನ್ನಾಗಲಿ ಅದು ದಾಖಲಿಸುವುದಿಲ್ಲ.

ಹಾಜರಾತಿ ಬೇಕು, ಅದು ತಪ್ಪಿದ್ದಕ್ಕೆ ಪರೀಕ್ಷೆಯನ್ನೇ ಕಸಿಯುವ ಶಿಕ್ಷೆ ಬೇಡ. ದೆಹಲಿ ತೀರ್ಪಿನ ಈ ತಿರುಳನ್ನು ಸಾಮಾನ್ಯ ಪದವಿಗೂ ಅನ್ವಯಿಸಲು ಬೆಂಗಳೂರು ವಿಶ್ವವಿದ್ಯಾಲಯದಂಥ ಸಂಸ್ಥೆಗಳು ಯಾವ ನ್ಯಾಯಾಲಯದ ಆದೇಶಕ್ಕೂ ಕಾಯಬೇಕಿಲ್ಲ. ಒಂದು ಸೆಮಿಸ್ಟರ್ ತಪ್ಪಿಸಿಕೊಂಡ ಹಳ್ಳಿಯ ವಿದ್ಯಾರ್ಥಿ ಮರಳಿ ಬರುತ್ತಾನೆಂಬ ಭರವಸೆ ಇಲ್ಲ. ಹುಡುಗನಾದರೆ ಕಾರ್ಖಾನೆಯ ಗೇಟು, ಹುಡುಗಿಯಾದರೆ ಮದುವೆ. ಅಂಕ ಕಡಿತದ ಭಯ ಮನೆಯವರನ್ನು ಎಚ್ಚರದಲ್ಲಿಡಲು ಸಾಕು. ಮಗಳ ಕೈಯಲ್ಲಿದ್ದ ಕಾವಲೂ ಉಳಿಯುತ್ತದೆ.

ಇದರೊಂದಿಗೆ ಪ್ರತಿ ತಿಂಗಳೂ, ವಿಷಯವಾರು, ನಡೆಯಬೇಕಿದ್ದ ತರಗತಿಗಳೆಷ್ಟು, ನಡೆದದ್ದೆಷ್ಟು ಎಂಬ ಲೆಕ್ಕವನ್ನು ಕಾಲೇಜುಗಳು ಪ್ರಕಟಿಸಬೇಕು. ನಿಗದಿತ ಪಾಠದ ಮುಕ್ಕಾಲು ಭಾಗವನ್ನಾದರೂ ನಡೆಸದ ವಿಷಯದಲ್ಲಿ ವಿದ್ಯಾರ್ಥಿಯ ಮೇಲೆ ಕೊರತೆಯ ಮಾತೆತ್ತಬಾರದು. ಇದಕ್ಕೆ ಹಣ ಬೇಕಿಲ್ಲ, ಹಾಜರಿ ಪುಸ್ತಕದಲ್ಲಿ ಅಂಕಿಅಂಶ ಈಗಾಗಲೇ ಇದೆ. ಪ್ರಾಂಶುಪಾಲರಿಗೆ ಇದು ಇರಿಸುಮುರಿಸು ತರಬಹುದು, ಏಕೆಂದರೆ ಖಾಲಿ ಹುದ್ದೆಗಳ ಹೊಣೆ ಅವರದಲ್ಲ, ಸರ್ಕಾರದ್ದು. ಆದರೆ ಆ ಹಾಳೆಯೇ ಅವರ ಕೈಗೆ ಇಲಾಖೆಯನ್ನು ಪ್ರಶ್ನಿಸುವ ದಾಖಲೆಯಾದೀತು. ಉಳಿದದ್ದು ಮೊದಲ ಅವಧಿಯ ಗಂಟೆ. ಕಾಲೇಜಿನ ವೇಳಾಪಟ್ಟಿಯೂ ಸಾರಿಗೆ ಘಟಕದ ವೇಳಾಪಟ್ಟಿಯೂ ಬೇರೆಬೇರೆ ಇಲಾಖೆಗಳ ಕಡತದಲ್ಲಿ ಸಿದ್ಧವಾಗುತ್ತವೆ. ಶೈಕ್ಷಣಿಕ ವರ್ಷದ ಆರಂಭದಲ್ಲಿ ಜಿಲ್ಲಾಧಿಕಾರಿ ಎರಡೂ ಕಡೆಯವರನ್ನು ಒಂದು ಮಧ್ಯಾಹ್ನ ಎದುರುಬದುರು ಕೂರಿಸಿದರೆ, ಸಾತನೂರಿನ ಬಸ್ ಎಷ್ಟು ಗಂಟೆಗೆ ಬರುತ್ತದೆ, ಕನಕಪುರದಲ್ಲಿ ಮೊದಲ ಪಾಠ ಎಷ್ಟು ಗಂಟೆಗೆ ಆರಂಭವಾಗಬೇಕು ಎಂಬುದು ಅಲ್ಲೇ ತೀರ್ಮಾನವಾಗುತ್ತದೆ.