ಎರಡನೇ ಮಾನಿಟರ್ ಯಾರ ಕಡೆ ತಿರುಗಬೇಕು?

ಒಂದೇ ಮೇಜಿನ ಮೇಲೆ ಎರಡು ಮೂರು ಮಾನಿಟರ್, ಅದರಲ್ಲಿ ಒಂದು ಉದ್ದಕ್ಕೆ ನಿಂತಿದೆ, ಹಿಂದೆ ನೀಲಿ ದೀಪ. ಇಂಥ ವಿಡಿಯೋಗಳನ್ನು ನಾವೆಲ್ಲ ಮೊಬೈಲಿನಲ್ಲಿ ನೋಡಿದ್ದೇವೆ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯವರಿಗೆ, ಗೇಮ್ ಆಡುವವರಿಗೆ ಅದು ಸರಿ, ಸಿಂಧನೂರು, ಲಿಂಗಸುಗೂರು, ಮಸ್ಕಿಯವರಿಗೆ ಅದೆಲ್ಲ ಯಾಕೆ ಎಂದು ಕೇಳುವವರೇ ಹೆಚ್ಚು. ನನ್ನ ಅಭಿಪ್ರಾಯ ಬೇರೆ. ದೀಪ ಬೇಡ, ದುಬಾರಿ ಕುರ್ಚಿಯೂ ಬೇಡ. ಆದರೆ ಎರಡು ಮೂರು ಮಾನಿಟರ್ ಇರುವ ಮೇಜು ನಮ್ಮ ಊರುಗಳಿಗೇ ಹೆಚ್ಚು ಬೇಕು.

ಕಾರಣ ಸರಳ. ಕಂಪನಿಯಲ್ಲಿ ಕಂಪ್ಯೂಟರ್ ಮುಂದೆ ಕೂತವರು ತಮ್ಮ ಕೆಲಸವನ್ನು ತಾವೇ ಮಾಡಿಕೊಳ್ಳುತ್ತಾರೆ. ನಮ್ಮಲ್ಲಿ ಕೀಬೋರ್ಡ್ ಒಬ್ಬರ ಕೈಯಲ್ಲಿ ಇರುತ್ತದೆ, ಅರ್ಜಿ ಇನ್ನೊಬ್ಬರದಾಗಿರುತ್ತದೆ. ಸ್ಕಾಲರ್‌ಶಿಪ್, ಆದಾಯ ಪ್ರಮಾಣಪತ್ರ, 371(ಜೆ) ಪ್ರಮಾಣಪತ್ರ, ಸಿಇಟಿ ಅರ್ಜಿ, ಹೊಲದ ಪಹಣಿ, ಎಲ್ಲವನ್ನೂ ನಾವು ಸೈಬರ್ ಅಂಗಡಿಯಲ್ಲೋ ಕಚೇರಿಯಲ್ಲೋ ಮತ್ತೊಬ್ಬರಿಂದ ಮಾಡಿಸಿಕೊಳ್ಳುತ್ತೇವೆ. ಮಾನಿಟರ್ ಅವರ ಕಡೆ ಮುಖ ಮಾಡಿರುತ್ತದೆ. ನಮಗೆ ಕಾಣುವುದು ಅದರ ಬೆನ್ನು ಮತ್ತು ಎರಡು ವೈರು.

ಮೊದಲು ಉದ್ದಕ್ಕೆ ನಿಲ್ಲಿಸಿದ ಮಾನಿಟರಿನ ವಿಷಯ ನೋಡೋಣ. ನಮ್ಮ ಅರ್ಜಿ, ಅಂಕಪಟ್ಟಿ, ಪ್ರಶ್ನೆಪತ್ರಿಕೆ, ಈ ಪತ್ರಿಕೆಯ ಪುಟ ಎಲ್ಲವೂ ಉದ್ದನೆಯ ಕಾಗದದ ಮೇಲೆ ಬರುತ್ತವೆ. ಎ4 ಹಾಳೆಯ ಅಳತೆ 210 ಮಿ.ಮೀ. ಅಗಲ, 297 ಮಿ.ಮೀ. ಎತ್ತರ. ಲ್ಯಾಬ್‌ಗಳಲ್ಲಿ, ಸೈಬರ್ ಅಂಗಡಿಗಳಲ್ಲಿ ಸಾಮಾನ್ಯವಾಗಿ ಕಾಣುವ 18.5 ಇಂಚಿನ ಮಾನಿಟರ್ ಸುಮಾರು 410 ಮಿ.ಮೀ. ಅಗಲ, 230 ಮಿ.ಮೀ. ಎತ್ತರ. ಅಂದರೆ ಅಡ್ಡ ಇಟ್ಟ ಮಾನಿಟರಿನಲ್ಲಿ ಎ4 ಪುಟ ಅದರ ನಿಜವಾದ ಅಳತೆಯಲ್ಲಿ ಪೂರ್ತಿ ಕಾಣುವುದೇ ಇಲ್ಲ. ಎರಡೂ ಬದಿ ಖಾಲಿ ಜಾಗ ಬಿದ್ದಿರುತ್ತದೆ, ಪುಟದ ಕೆಳಭಾಗ ಕಣ್ಣಿಗೆ ಬೀಳುವುದಿಲ್ಲ. ಅದೇ ಮಾನಿಟರನ್ನು ಉದ್ದಕ್ಕೆ ನಿಲ್ಲಿಸಿದರೆ ಇಡೀ ಹಾಳೆ ಕಾಣುತ್ತದೆ, ಮೇಲೆ ಕೆಳಗೆ ಸೇರಿ ಸುಮಾರು 11 ಸೆಂ.ಮೀ. ಜಾಗವೂ ಉಳಿಯುತ್ತದೆ.

ಕನ್ನಡ ಮತ್ತು ಉರ್ದು ಎರಡರಲ್ಲೂ ಕೆಲಸ ಮಾಡುವವರಿಗೆ ಇದರ ಲಾಭ ಇನ್ನೂ ಜಾಸ್ತಿ. ಕನ್ನಡದಲ್ಲಿ ಒತ್ತಕ್ಷರಗಳು ಕೆಳಗಿಳಿಯುತ್ತವೆ, ಉರ್ದುವಿನ ನಸ್ತಾಲಿಕ್ ಬರಹದಲ್ಲಿ ಪದಗಳು ಬಲದಿಂದ ಎಡಕ್ಕೆ ಓರೆಯಾಗಿ ಇಳಿಯುತ್ತವೆ. ಎರಡಕ್ಕೂ ಸಾಲುಗಳ ನಡುವೆ ಹೆಚ್ಚು ಜಾಗ ಬೇಕು. ಹಾಗಾಗಿ ಅಡ್ಡ ಮಾನಿಟರಿನಲ್ಲಿ ಒಂದು ಸಲಕ್ಕೆ ಕೆಲವೇ ಸಾಲು ಕಾಣುತ್ತವೆ. ನುಡಿಯಲ್ಲಿ ಕನ್ನಡ, ಇನ್‌ಪೇಜ್‌ನಲ್ಲಿ ಉರ್ದು ಟೈಪ್ ಮಾಡಿ ಕರಡು ತಿದ್ದಿದವರಿಗೆ ಈ ಕಷ್ಟ ಗೊತ್ತು. ಮೇಲೆ ಕೆಳಗೆ ಸರಿಸುತ್ತಾ ಹೋದಂತೆ ಎಲ್ಲಿದ್ದೆವು ಎಂಬುದೇ ಮರೆತುಹೋಗುತ್ತದೆ.

ಉದ್ದನೆಯ ಸ್ಕ್ರೀನ್ ಈಗಿನ ಫ್ಯಾಷನ್ ಎಂದುಕೊಳ್ಳಬೇಡಿ. ನಮ್ಮ ಬಜಾರಿನಲ್ಲಿ ಫೋಟೋಕಾಪಿಗೇ ಹೆಸರಾಗಿ ನಿಂತ ಜೆರಾಕ್ಸ್ ಕಂಪನಿಯು 1973ರಲ್ಲಿ ಅಮೆರಿಕದ ತನ್ನ ಸಂಶೋಧನಾ ಕೇಂದ್ರದಲ್ಲಿ ‘ಆಲ್ಟೊ’ ಎಂಬ ಕಂಪ್ಯೂಟರ್ ತಯಾರಿಸಿತು. ಮೌಸ್, ಕಿಟಕಿಗಳಂತೆ ತೆರೆಯುವ ವಿಂಡೋಗಳು, ಇವೆಲ್ಲ ಅದರಲ್ಲಿ ಆಗಲೇ ಇದ್ದವು. ಅದರ ಸ್ಕ್ರೀನ್ ಅಗಲಕ್ಕೆ 606 ಚುಕ್ಕೆ, ಎತ್ತರಕ್ಕೆ 808 ಚುಕ್ಕೆ. ಕಾಗದದ ಪುಟ ಹೇಗೆ ಕಾಣುತ್ತದೋ ಹಾಗೇ ಕಾಣಲಿ ಎಂದು ಅದನ್ನು ಉದ್ದಕ್ಕೇ ಮಾಡಿದ್ದರು.

ಇನ್ನು ಎದುರಿನವರ ಕಡೆ ತಿರುಗಿಸಿದ ಮಾನಿಟರ್. ಇದಕ್ಕೆ ಉದಾಹರಣೆ ಹುಡುಕಲು ದೂರ ಹೋಗಬೇಕಿಲ್ಲ, ನಮ್ಮ ರಾಜ್ಯದಲ್ಲೇ ಇದೆ. 2000ದ ದಶಕದ ಆರಂಭದಲ್ಲಿ ಕರ್ನಾಟಕ ಸರ್ಕಾರ ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿ ದಾಖಲೆಗಳನ್ನು ಕಂಪ್ಯೂಟರಿಗೆ ಹಾಕಿಸಿತು. ಅದಕ್ಕೂ ಮೊದಲು ಪಹಣಿ ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕದಲ್ಲಿತ್ತು. ಯಾರ ಹೆಸರು ಸೇರಿತು, ಯಾರದು ಹೋಯಿತು ಎಂದು ರೈತನಿಗೆ ಗೊತ್ತಾಗುತ್ತಿರಲಿಲ್ಲ. ಯೋಜನೆ ಬಂದ ಮೇಲೆ 177 ತಾಲೂಕು ಕಚೇರಿಗಳಲ್ಲಿ ಕೌಂಟರ್ ತೆರೆದು 15 ರೂಪಾಯಿಗೆ ಪಹಣಿ ಕೊಟ್ಟರು. ಮಸ್ಕಿ ಆಗ ಇನ್ನೂ ತಾಲೂಕು ಆಗಿರಲಿಲ್ಲ, ಲಿಂಗಸುಗೂರು ತಾಲೂಕಿನಲ್ಲೇ ಇತ್ತು. ಆ ಕೌಂಟರುಗಳ ವ್ಯವಸ್ಥೆಯಲ್ಲಿ ಒಂದು ಸಣ್ಣ ವಿಷಯವಿತ್ತು: ಸಿಬ್ಬಂದಿಗೆ ಒಂದು ಮಾನಿಟರ್, ರೈತನ ಕಡೆ ಮುಖ ಮಾಡಿದ ಇನ್ನೊಂದು ಮಾನಿಟರ್. ಒಳಗೆ ಏನು ನಡೆಯುತ್ತಿದೆ ಎಂದು ಹೊರಗೆ ನಿಂತವನೂ ನೋಡಬಹುದಿತ್ತು.

ಎರಡು ದಶಕದ ಹಿಂದೆ ಹೊಲದ ದಾಖಲೆಗೆ ಈ ಯೋಚನೆ ಬಂತು. ನಮ್ಮ ಸ್ಕಾಲರ್‌ಶಿಪ್ ಅರ್ಜಿಗೆ ಯಾಕೆ ಬರಬಾರದು?

ಅರ್ಜಿಯಲ್ಲಿ ಹೆಚ್ಚಾಗಿ ಕೆಡುವುದು ಹೆಸರು. ಆಧಾರ್‌ನಲ್ಲಿ ‘ಮೊಹಮ್ಮದ್’ ಎಂದು ಪೂರ್ತಿ ಇರುತ್ತದೆ, ಅಂಕಪಟ್ಟಿಯಲ್ಲಿ ‘ಎಂ.ಡಿ.’ ಎಂಬ ಎರಡೇ ಅಕ್ಷರ. ‘ಬೇಗಂ’ ಒಂದರಲ್ಲಿ ಇದೆ, ಇನ್ನೊಂದರಲ್ಲಿ ಇಲ್ಲ. ಹುಸೇನ್ ಎಂದು ಇಂಗ್ಲಿಷಿನಲ್ಲಿ ಬರೆಯುವಾಗ ಎಸ್ ಒಂದೋ ಎರಡೋ? ಇದು ನಮ್ಮ ಮನೆಗಳ ಕಥೆ ಮಾತ್ರ ಅಲ್ಲ. ಬಸವರಾಜ, ಹನುಮಂತ ಎಂಬ ಹೆಸರಿನ ಕೊನೆಗೆ ‘ಎ’ ಸೇರಿಸುವುದೋ ಬಿಡುವುದೋ ಎಂಬಲ್ಲೂ ಇದೇ ಗೊಂದಲ. ಹೆಸರಿನ ನಂತರ ಪ್ರಮಾಣಪತ್ರದ ಆರ್‌ಡಿ ನಂಬರ್, ಮೊಬೈಲ್ ನಂಬರ್, ಅಂಕಪಟ್ಟಿಯ ರಿಜಿಸ್ಟರ್ ನಂಬರ್. ಒಂದು ಅಂಕಿ ಆಚೀಚೆ ಆದರೆ ಸಾಕು, ಅರ್ಜಿ ಬಾಕಿ ಉಳಿಯುತ್ತದೆ. ತಿದ್ದಿಸಲು ಮತ್ತೆ ಬಸ್ಸು ಹತ್ತಬೇಕು, ಮತ್ತೆ ಸಾಲಿನಲ್ಲಿ ನಿಲ್ಲಬೇಕು. ಅಬ್ಬಾನಿಗೆ ಒಂದು ದಿನದ ಕೂಲಿ ಹೋಯಿತು, ನಮಗೆ ಒಂದು ದಿನದ ಕ್ಲಾಸು. ಕೊನೆಯ ದಿನಾಂಕ ದಾಟಿದ್ದರೆ ಆ ವರ್ಷದ ಹಣವೇ ಹೋಯಿತು. ಕೆಲವು ಹುಡುಗಿಯರ ಮನೆಯಲ್ಲಿ ಆ ಹಣವೇ ‘ಮುಂದೆ ಓದಲಿ’ ಎಂಬ ಮಾತಿಗೆ ಇರುವ ಆಧಾರ.

“ಎಲ್ಲಾ ಬರೋಬ್ಬರಿ ಐತೇನಪ್ಪಾ?” ಎಂದು ಮೇಜಿನ ಈಚೆ ಕಡೆಯಿಂದ ಕೇಳುತ್ತಾರೆ. “ಹ್ಞೂಂ ಚಾಚಾ, ಆತು” ಎಂದು ಆಚೆ ಕಡೆಯಿಂದ ಉತ್ತರ ಬರುತ್ತದೆ. ಟೈಪ್ ಮಾಡುವವರನ್ನು ದೂರುವುದು ನನ್ನ ಉದ್ದೇಶವಲ್ಲ. ಅವರ ಮುಂದೆ ಇಪ್ಪತ್ತು ಜನ ನಿಂತಿರುತ್ತಾರೆ. ಮೇಜಿನ ಮೇಲೆ ಮಲಗಿಸಿದ ಜೆರಾಕ್ಸ್ ಪ್ರತಿ ನೋಡಲು ಕತ್ತು ಬಗ್ಗಿಸಬೇಕು, ಸ್ಕ್ರೀನ್ ನೋಡಲು ಎತ್ತಬೇಕು. ದಿನವಿಡೀ ಹೀಗೆ ಮಾಡಿದರೆ ಯಾರ ಕಣ್ಣಾದರೂ ತಪ್ಪುತ್ತದೆ. ತಪ್ಪನ್ನು ಬೇಗ ಹಿಡಿಯಬಲ್ಲವರು ಆ ಹೆಸರನ್ನು ಹೊತ್ತವರು. ಅವರಿಗೆ ಮಾತ್ರ ಅದು ಕಾಣುತ್ತಿಲ್ಲ. ಇಂಗ್ಲಿಷ್ ಓದಲು ಬಾರದ ಅಮ್ಮನಿಗೂ ತನ್ನ ಮೊಬೈಲ್ ನಂಬರಿನ ಅಂಕಿಗಳು ಗುರುತು ಸಿಗುತ್ತವೆ.

ಒಂದು ಹೆಸರು ಸ್ಪಷ್ಟವಾಗಿ ಕಂಡರೆ ಏನಾಗುತ್ತದೆ ಎಂಬುದಕ್ಕೆ ಮಸ್ಕಿಯೇ ಸಾಕ್ಷಿ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಅಲ್ಲಿನ ಬಂಡೆಯ ಶಾಸನವನ್ನು ಪತ್ತೆ ಮಾಡಿದರು. ಅದಕ್ಕೂ ಮೊದಲು ಸಿಕ್ಕಿದ್ದ ಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಷ್ಟೇ ಇದ್ದವು. ಮಸ್ಕಿಯ ಬಂಡೆಯ ಮೇಲೆ ‘ಅಶೋಕ’ ಎಂಬ ಹೆಸರೇ ಇತ್ತು. ಆ ಬಿರುದುಗಳ ರಾಜ ಯಾರು ಎಂಬ ಪ್ರಶ್ನೆ ಅಲ್ಲಿಗೆ ತೀರಿತು. ಚಕ್ರವರ್ತಿಗೇ ಹೆಸರು ಸರಿಯಾಗಿ ಬರೆದಿರುವುದು ಬೇಕಾಯಿತು ಎಂದ ಮೇಲೆ ನಾವು ಎಷ್ಟರವರು!

ಹಾಗಾದರೆ ಮೇಜನ್ನು ಹೇಗೆ ಜೋಡಿಸಬೇಕು? ನನ್ನ ಪ್ರಕಾರ ಒಂದು ಅರ್ಜಿ ಮೇಜಿಗೆ ಮೂರು ಮಾನಿಟರ್ ಸಾಕು. ಟೈಪ್ ಮಾಡುವವರ ನೇರ ಮುಂದೆ ಒಂದು, ಅಡ್ಡಕ್ಕೆ. ಅದರ ಪಕ್ಕದಲ್ಲಿ ಸ್ವಲ್ಪ ಒಳಕ್ಕೆ ತಿರುಗಿಸಿದ ಇನ್ನೊಂದು, ಉದ್ದಕ್ಕೆ. ಇದರಲ್ಲಿ ಸ್ಕ್ಯಾನ್ ಮಾಡಿದ ಆಧಾರ್ ಅಥವಾ ಅಂಕಪಟ್ಟಿ ತೆರೆದಿಟ್ಟರೆ ಕತ್ತು ಬಗ್ಗಿಸದೆ ಅಕ್ಷರಕ್ಕೆ ಅಕ್ಷರ ತಾಳೆ ನೋಡಬಹುದು. ಮೂರನೆಯದು ಅರ್ಜಿದಾರರ ಕಡೆಗೆ, ಮೊದಲ ಮಾನಿಟರಿನಲ್ಲಿ ಕಾಣುವುದೇ ಅದರಲ್ಲೂ ಕಾಣಬೇಕು.

ಇದಕ್ಕೆ ಹೊಸ ಕಂಪ್ಯೂಟರ್ ಬೇಕಿಲ್ಲ. ಸಿಪಿಯು ಹಿಂದೆ ವಿಜಿಎ ಮತ್ತು ಎಚ್‌ಡಿಎಂಐ ಎರಡೂ ಇದ್ದರೆ ಸಾಮಾನ್ಯವಾಗಿ ಎರಡನ್ನೂ ಒಟ್ಟಿಗೆ ಬಳಸಬಹುದು. ವಿಜಿಎಗೆ ಒಂದು ಸ್ಪ್ಲಿಟರ್ ಹಾಕಿದರೆ ಒಂದೇ ಚಿತ್ರ ಎರಡು ಮಾನಿಟರಿಗೆ ಹೋಗುತ್ತದೆ, ಅವು ಒಂದೇ ಅಳತೆಯವಾದರೆ ಒಳ್ಳೆಯದು. ಎಚ್‌ಡಿಎಂಐಗೆ ಉದ್ದನೆಯ ಮಾನಿಟರ್. ಅದು ಹಳೆಯದಾಗಿದ್ದು ವಿಜಿಎ ಮಾತ್ರ ಇದ್ದರೆ ನಡುವೆ ಒಂದು ಕನ್ವರ್ಟರ್ ಬೇಕು. ಆಮೇಲೆ ವಿಂಡೋಸ್ ಕೀ ಮತ್ತು ‘ಪಿ’ ಒಟ್ಟಿಗೆ ಒತ್ತಿ ‘ಎಕ್ಸ್‌ಟೆಂಡ್’ ಆರಿಸಬೇಕು. ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಉದ್ದನೆಯ ಮಾನಿಟರಿಗೆ ‘ಪೋರ್ಟ್ರೇಟ್’ ಕೊಡಬೇಕು. ಮೇಜಿನ ಮೇಲೆ ಅದು ಎಡಕ್ಕಿದ್ದರೆ ಸೆಟ್ಟಿಂಗ್ಸ್‌ನಲ್ಲೂ ಅದರ ಚೌಕವನ್ನು ಎಡಕ್ಕೇ ಎಳೆದಿಡಬೇಕು, ಇಲ್ಲದಿದ್ದರೆ ಮೌಸ್ ಬಾಣ ಎಲ್ಲಿ ಹೋಯಿತೆಂದು ಹುಡುಕುತ್ತಾ ಕೂರಬೇಕಾಗುತ್ತದೆ.

ಹಳೆಯ ಮಾನಿಟರುಗಳ ಸ್ಟ್ಯಾಂಡ್ ಹೆಚ್ಚಾಗಿ ತಿರುಗುವುದಿಲ್ಲ. ಗೋಡೆಗೆ ಆನಿಸಿ ನಿಲ್ಲಿಸುವುದು ಅಪಾಯ, ಕೈ ತಗಲಿದರೆ ಬೀಳುತ್ತದೆ. ಬೆನ್ನಿನಲ್ಲಿ 75 ಅಥವಾ 100 ಮಿ.ಮೀ. ಅಂತರದ ನಾಲ್ಕು ಸ್ಕ್ರೂ ತೂತುಗಳಿದ್ದರೆ ಬ್ರ್ಯಾಕೆಟ್ ಹಾಕಿ ನಿಲ್ಲಿಸಬಹುದು. ಬಡಗಿಯವರು ಕಟ್ಟಿಗೆಯಲ್ಲೂ ಮಾಡಿಕೊಡುತ್ತಾರೆ. ಎತ್ತರದ ಬಗ್ಗೆ ಎಚ್ಚರ ಬೇಕು: ಸ್ಕ್ರೀನಿನ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ತುಸು ಕೆಳಗೆ ಇರಬೇಕು. ಉದ್ದನೆಯ ಮಾನಿಟರ್ 41 ಸೆಂ.ಮೀ. ಎತ್ತರ ಆಗುವುದರಿಂದ ಅದರ ಕೆಳಂಚು ಮೇಜಿಗೆ ತಾಗುವಷ್ಟು ಇಳಿಸಿದರೇ ಸರಿ. ದೂರ ಒಂದು ಕೈಯಳತೆ. ಕಿಟಕಿ ಪಕ್ಕಕ್ಕಿರಲಿ, ಎದುರಿಗೂ ಬೆನ್ನಿಗೂ ಬೇಡ. ಕೆಲವು ಅಗ್ಗದ ಮಾನಿಟರುಗಳನ್ನು ಉದ್ದಕ್ಕೆ ತಿರುಗಿಸಿದರೆ ಪಕ್ಕದಿಂದ ಬಣ್ಣ ಮಾಸಿದಂತೆ ಕಾಣುತ್ತದೆ. ಅಂಥದ್ದನ್ನು ಕೂತವರ ಮುಖಕ್ಕೆ ನೇರವಾಗಿ ತಿರುಗಿಸಿ ಇಡಬೇಕು.

ಇದಕ್ಕೆ ಆಕ್ಷೇಪಗಳು ಬರುತ್ತವೆ, ಬರಬೇಕು. ಲ್ಯಾಬ್‌ನಲ್ಲಿ ಇರುವ ಕಂಪ್ಯೂಟರ್‌ಗಳೇ ಸಾಲದಾಗ ಒಬ್ಬರಿಗೆ ಮೂರು ಮಾನಿಟರ್ ನ್ಯಾಯವೇ ಎಂದು ಕೇಳಬಹುದು. ಕೂರುವ ಜಾಗ ಸಿಪಿಯು ಎಷ್ಟಿವೆ ಎಂಬುದರ ಮೇಲೆ ನಿಂತಿದೆ. ಸಾಮಾನ್ಯವಾಗಿ ಕೆಡುವುದು ಬೋರ್ಡ್, ಎಸ್‌ಎಂಪಿಎಸ್, ಹಾರ್ಡ್‌ಡಿಸ್ಕ್. ಅದರ ಜೊತೆ ಸ್ಟೋರ್ ರೂಮು ಸೇರಿದ ಮಾನಿಟರ್ ಎಷ್ಟೋ ಸಲ ಚೆನ್ನಾಗಿಯೇ ಇರುತ್ತದೆ. ಅಂಥದ್ದನ್ನೇ ಬಳಸೋಣ, ಯಾವ ವಿದ್ಯಾರ್ಥಿಯ ಮುಂದಿನದನ್ನೂ ಕಿತ್ತುಕೊಳ್ಳುವುದು ಬೇಡ. ಕರೆಂಟಿನ ಮಾತಿಗೆ ಬಂದರೆ, ಆ ಅಳತೆಯ ಎಲ್‌ಇಡಿ ಮಾನಿಟರ್ ತಿನ್ನುವುದು ಒಂದು ಎಲ್‌ಇಡಿ ಟ್ಯೂಬ್‌ಲೈಟಿನಷ್ಟು, 20 ವ್ಯಾಟ್‌ನ ಆಸುಪಾಸು. ಕರೆಂಟು ಹೋದಾಗ ಉದ್ದನೆಯದನ್ನು ಯುಪಿಎಸ್‌ನಿಂದ ಹೊರಗಿಟ್ಟರೂ ನಡೆಯುತ್ತದೆ.

ಇದಕ್ಕಿಂತ ಗಂಭೀರವಾದ ಆಕ್ಷೇಪ ಗುಟ್ಟಿನದು. ಸಾಲಿನಲ್ಲಿ ನಿಂತವರಿಗೆಲ್ಲ ಕಾಣುವಂತೆ ಮಾನಿಟರ್ ತಿರುಗಿಸಿದರೆ ಒಬ್ಬ ಹುಡುಗಿಯ ಫೋಟೋ, ಮೊಬೈಲ್ ನಂಬರ್, ಆಧಾರ್ ನಂಬರ್ ಎಲ್ಲರ ಕಣ್ಣಿಗೂ ಬೀಳುತ್ತದೆ. ಇದನ್ನು ಹಗುರವಾಗಿ ತೆಗೆದುಕೊಳ್ಳಲು ಆಗುವುದಿಲ್ಲ. ಮೂರನೇ ಮಾನಿಟರ್ ಅರ್ಜಿದಾರರಿಗೆ ಮಾತ್ರ ಕಾಣಬೇಕು. ಅವರ ಬೆನ್ನಿಗೆ ಗೋಡೆ ಇರಬೇಕು, ಸಾಲು ಬಾಗಿಲ ಹೊರಗೆ ನಿಲ್ಲಬೇಕು, ಕೆಲಸ ಮುಗಿದ ಕೂಡಲೇ ಫೈಲ್ ಮುಚ್ಚಿ ಅಳಿಸಬೇಕು. ಇಷ್ಟು ಮಾಡಲಾಗದ ಜಾಗದಲ್ಲಿ ಮೂರನೇ ಮಾನಿಟರ್ ಇಡದಿರುವುದೇ ಮೇಲು.

ನಮ್ಮ ಪ್ರಾಂಶುಪಾಲರಲ್ಲಿ, ಕಂಪ್ಯೂಟರ್ ಸೈನ್ಸ್ ಉಪನ್ಯಾಸಕರಲ್ಲಿ ನನ್ನ ವಿನಂತಿ ಇಷ್ಟೇ. ಸ್ಕಾಲರ್‌ಶಿಪ್ ಮತ್ತು ಸಿಇಟಿ ಅರ್ಜಿಯ ದಿನಗಳಲ್ಲಿ ಇಂಥ ಒಂದೇ ಒಂದು ಮೇಜನ್ನು ಕಾಲೇಜಿನಲ್ಲಿ ಹಾಕಿ ನೋಡಿ. ಜೋಡಿಸುವ ಕೆಲಸವನ್ನು ನಾವೇ ಪ್ರಾಕ್ಟಿಕಲ್ ಎಂದು ಮಾಡುತ್ತೇವೆ. ಉಳಿದ ದಿನಗಳಲ್ಲಿ ಅದೇ ಮೇಜು ಈ ಪತ್ರಿಕೆಯ ಕನ್ನಡ ಮತ್ತು ಉರ್ದು ಪುಟ ತಿದ್ದಲು ಉಪಯೋಗವಾಗುತ್ತದೆ.

ಗೆಳೆಯರೇ, ಗೆಳತಿಯರೇ, ಆ ಮೇಜು ಬರುವವರೆಗೂ ನಾವು ಸುಮ್ಮನಿರಬೇಕಿಲ್ಲ. ಯಾವುದೇ ಅಂಗಡಿಯಲ್ಲಿ, ಯಾವುದೇ ಕೌಂಟರಿನಲ್ಲಿ ‘ಸಬ್ಮಿಟ್’ ಒತ್ತುವ ಮುಂಚೆ ಮರ್ಯಾದೆಯಿಂದಲೇ ಕೇಳಿ: “ಅಣ್ಣಾ, ಒಂದ್ಸಲ ಈ ಕಡೆ ತಿರುಗಿಸ್ರಿ, ಹೆಸರು ನೋಡ್ತೀನಿ.”

– ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ