ಮೋಸ ಹೋದವರನ್ನು ಬೈಯುವ ಮುನ್ನ



ನಮ್ಮ ಕನ್ನಡ ಸಂಘದ ರಾಜ್ಯೋತ್ಸವದ ಸ್ಮರಣ ಸಂಚಿಕೆ ನಿಮ್ಮ ಕೈಸೇರಿದೆ. ತಮಿಳುನಾಡಿನ ಹೊಸೂರು, ತಳಿ, ಕೆಲಮಂಗಲ, ಡೆಂಕಣಿಕೋಟೆ, ಬಾಗಲೂರು ಕಡೆಯ ನಮ್ಮವರು ಕಥೆ, ಕವಿತೆ, ಊರ ನೆನಪುಗಳನ್ನು ಪ್ರೀತಿಯಿಂದ ಬರೆದುಕೊಟ್ಟಿದ್ದಾರೆ. ಸಂಪಾದಕೀಯದಲ್ಲಿ ಮಾತ್ರ ಈ ಸಲ ಬೇರೊಂದು ವಿಷಯ ಎತ್ತಿಕೊಂಡಿದ್ದೇವೆ. ಕಂಪ್ಯೂಟರ್ ರಿಪೇರಿಯ ಹೆಸರಿನಲ್ಲಿ ನಮ್ಮ ಹಿರಿಯರ ದುಡ್ಡು ಹೋಗುತ್ತಿದೆ. ಹೋದದ್ದನ್ನು ಅವರು ಯಾರಿಗೂ ಹೇಳುತ್ತಿಲ್ಲ.

ಮಕ್ಕಳು ಬೆಳಿಗ್ಗೆಯೇ ಅತ್ತಿಬೆಲೆ ದಾಟಿ ಎಲೆಕ್ಟ್ರಾನಿಕ್ ಸಿಟಿಗೋ ಇಲ್ಲೇ ಸಿಪ್‌ಕಾಟ್ ಕೈಗಾರಿಕಾ ಪ್ರದೇಶದ ಪಾಳಿಗೋ ಹೊರಟುಬಿಡುತ್ತಾರೆ. ಹಗಲೆಲ್ಲ ಮನೆಯಲ್ಲಿ ಉಳಿಯುವವರು ಹಿರಿಯರು. ಪಿಂಚಣಿ ಬಂತೇ ಎಂದು ನೋಡಲು ಕಂಪ್ಯೂಟರ್ ತೆರೆದರೆ ಪರದೆ ತುಂಬ ಕೆಂಪು ಎಚ್ಚರಿಕೆ, ನಿಲ್ಲದ ಸದ್ದು, ಕೆಳಗೊಂದು ಫೋನ್ ನಂಬರ್. ಫೋನ್ ಮಾಡಿದರೆ ಮೈಕ್ರೋಸಾಫ್ಟ್‌ನವರೆಂದು ಹೇಳಿಕೊಂಡು ಒಬ್ಬ ಬಹಳ ಮರ್ಯಾದೆಯಿಂದ ಮಾತಾಡುತ್ತಾನೆ. ಎನಿಡೆಸ್ಕ್‌ನಂಥ ಆ್ಯಪ್ ಹಾಕಿಸಿ ಅದರಲ್ಲಿ ಮೂಡುವ ಅಂಕಿಗಳನ್ನು ಕೇಳುತ್ತಾನೆ. ಅಷ್ಟು ಹೇಳಿದ ಮೇಲೆ ಮೌಸ್ ಅವನ ಕೈಗೆ ಹೋಯಿತು. ವಿಂಡೋಸ್‌ನ ಇವೆಂಟ್ ವ್ಯೂವರ್ ತೆರೆದು ಅಲ್ಲಿನ ಕೆಂಪು, ಹಳದಿ ಗುರುತುಗಳನ್ನೆಲ್ಲ ವೈರಸ್ ಎಂದು ನಂಬಿಸುತ್ತಾನೆ. ಚೆನ್ನಾಗಿರುವ ಕಂಪ್ಯೂಟರ್‌ನಲ್ಲೂ ಆ ಗುರುತುಗಳು ಇದ್ದೇ ಇರುತ್ತವೆ. ಮೈಕ್ರೋಸಾಫ್ಟ್ ತನ್ನ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಕೊಡುವುದೇ ಇಲ್ಲ.

ಇದು ದಡ್ಡರಿಗೆ ಆಗುವ ಮೋಸ ಎಂದು ಯಾರೂ ತಿಳಿಯಬಾರದು. ಎನಿಡೆಸ್ಕ್ ಮೂಲಕ ನಡೆಯುವ ವಂಚನೆಯ ಬಗ್ಗೆ ರಿಸರ್ವ್ ಬ್ಯಾಂಕ್ 2019ರಲ್ಲೇ ಬ್ಯಾಂಕುಗಳನ್ನು ಎಚ್ಚರಿಸಿತ್ತು. 2023ರ ಅಕ್ಟೋಬರ್‌ನಲ್ಲಿ ಸಿಬಿಐ ಸೈಬರ್ ವಂಚಕರ ವಿರುದ್ಧ 'ಆಪರೇಷನ್ ಚಕ್ರ-2' ಹೆಸರಿನಲ್ಲಿ ದೇಶದ 76 ಕಡೆ ಶೋಧ ನಡೆಸಿತು. ಮೈಕ್ರೋಸಾಫ್ಟ್ ಮತ್ತು ಅಮೆಜಾನ್ ಕೊಟ್ಟ ದೂರುಗಳೂ ಅದರಲ್ಲಿದ್ದವು. ಕಾಲ್ ಸೆಂಟರ್ ಕಟ್ಟಿಕೊಂಡು, ಮಾತು ಕಲಿತುಕೊಂಡು ಕೂತವರೆದುರು ಒಂಟಿಯಾಗಿರುವ ಹಿರಿಯರು ಸೋತರೆ ತಪ್ಪು ಅವರದಲ್ಲ.

ಆದರೂ ಅವರನ್ನು ಕಾಡುವುದು ನಾಚಿಕೆ. 'ಮಗನಿಗೆ ಗೊತ್ತಾದರೆ ಏನಂತಾನೋ' ಎಂದು ಸಂಜೆಯವರೆಗೆ, ಕೆಲವರು ವಾರಗಟ್ಟಲೆ, ಬಾಯಿಬಿಡುವುದಿಲ್ಲ. ನಷ್ಟ ಬೆಳೆಯುವುದು ಅಷ್ಟರಲ್ಲೇ. 2017ರ ಜುಲೈನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆ ನೋಡಿ: ಗುಟ್ಟಿನ ವಿವರ ನಾವೇ ಕೊಟ್ಟಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಮ್ಮದು, ತಿಳಿಸಿದ ಮೇಲಿನದು ಬ್ಯಾಂಕಿನದು. ಬೇಗ ಬಾಯಿಬಿಟ್ಟಷ್ಟೂ ದುಡ್ಡು ಉಳಿಯುತ್ತದೆ.

ಹಾಗಾಗಿ ಮೋಸ ತಿಳಿದೊಡನೆ ಮೊದಲು ಇಂಟರ್ನೆಟ್ ಸಂಪರ್ಕ ಕಡಿಯಿರಿ, ಕಂಪ್ಯೂಟರ್ ಆರಿಸಿ. ಪಾಸ್‌ಬುಕ್ ಅಥವಾ ಕಾರ್ಡಿನ ಮೇಲಿರುವ ನಂಬರಿಗೇ ಫೋನ್ ಮಾಡಿ ಖಾತೆ, ಕಾರ್ಡು, ನೆಟ್‌ಬ್ಯಾಂಕಿಂಗ್ ತಡೆಹಿಡಿಸಿ; ಗೂಗಲ್‌ನಲ್ಲಿ ಹುಡುಕಿದರೆ ಇನ್ನೊಬ್ಬ ವಂಚಕನ ನಂಬರ್ ಸಿಗಬಹುದು. ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಿಳಿಸಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿ. ಬ್ಯಾಂಕಿನ ಎಸ್ಸೆಮ್ಮೆಸ್, ವಂಚಕನ ನಂಬರ್, ವ್ಯವಹಾರದ ಸಂಖ್ಯೆ ಯಾವುದನ್ನೂ ಅಳಿಸಬೇಡಿ. ಬೇರೆ ಸಾಧನದಿಂದ ಮೊದಲು ಇಮೇಲ್‌ನ, ಆಮೇಲೆ ಬ್ಯಾಂಕಿನ ಪಾಸ್‌ವರ್ಡ್ ಬದಲಿಸಿ. ವಂಚಕ ಹಾಕಿಸಿದ ಆ್ಯಪ್ ಒಂದನ್ನು ತೆಗೆದರೆ ಸಾಲದು. ಬೇಕಾದ ಕಡತಗಳನ್ನು ಉಳಿಸಿಕೊಂಡು, ತಿಳಿದವರಿಂದ ವಿಂಡೋಸ್ ಹೊಸದಾಗಿ ಹಾಕಿಸಿ. ಕೆಲವು ದಿನಗಳಾದ ಮೇಲೆ, ಹೋದ ದುಡ್ಡು ವಾಪಸ್ ಕೊಡಿಸುತ್ತೇವೆ ಎಂದು ಯಾರಾದರೂ ಫೋನ್ ಮಾಡಿದರೆ ಅದೂ ಮೋಸವೇ.

ಮನೆ ಹೊಸೂರಿನಲ್ಲಿ, ಖಾತೆ ಆನೇಕಲ್ಲಿನಲ್ಲಿ, ದೂರು ಎಲ್ಲಿ ಕೊಡುವುದು ಎಂದು ಗಡಿಯವರಾದ ನಾವು ಹಿಂಜರಿಯಬೇಕಿಲ್ಲ. 2024ರ ಜುಲೈ 1ರಂದು ಜಾರಿಗೆ ಬಂದ ಹೊಸ ಕಾನೂನಿನಂತೆ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ತೊಡಕಿರುವುದು ಬರವಣಿಗೆಯಲ್ಲಿ. ಕನ್ನಡ ಶಾಲೆಯಲ್ಲಿ ಕಲಿತ ನಮ್ಮ ಅನೇಕ ಹಿರಿಯರು ಸಂತೆಯಲ್ಲಿ, ಬಸ್ಸಿನಲ್ಲಿ ಸರಾಗವಾಗಿ ತಮಿಳು ಮಾತಾಡುತ್ತಾರೆ. ಆದರೆ ತಮಿಳಿನಲ್ಲಿ ದೂರು ಬರೆಯಲು ಕೂತರೆ ಕೈ ನಿಲ್ಲುತ್ತದೆ. ಅವರ ಮೊಮ್ಮಕ್ಕಳಿಗೆ ತಮಿಳು, ಇಂಗ್ಲಿಷ್, ಕಂಪ್ಯೂಟರ್ ಮೂರೂ ಗೊತ್ತು.

ಇವರಿಬ್ಬರನ್ನೂ ಒಂದೆಡೆ ಕೂರಿಸುವುದು ಸಂಘದ ಕೆಲಸ. ರಾಜ್ಯೋತ್ಸವದ ವೇದಿಕೆಗೆ ದುಡಿಯುವ ಯುವಕ ಯುವತಿಯರು ಇಂಥ ಹೊತ್ತಿನಲ್ಲಿ ಹಿರಿಯರ ಪಕ್ಕ ಕೂತು ದೂರು ಬರೆದುಕೊಡಲಿ, ಬ್ಯಾಂಕಿಗೆ ಜೊತೆಗೆ ಹೋಗಲಿ ಎಂಬುದು ನಮ್ಮ ವಿನಂತಿ. ಅದಕ್ಕೆ ಒಪ್ಪುವವರು ಕಾರ್ಯದರ್ಶಿಗಳ ಬಳಿ ಹೆಸರು ಕೊಡಿ. ಹಿರಿಯರೇ, ಮೋಸ ಹೋದ ದಿನವೇ ಸಂಘಕ್ಕೆ ಬನ್ನಿ. ನಿಮ್ಮನ್ನು ಯಾರೂ ಬೈಯುವುದಿಲ್ಲ.



— ಸಂಪಾದಕ ಮಂಡಳಿಯ ಪರವಾಗಿ